ಮೊಬೈಲಿನಿಂದ ಗಣಕಕ್ಕೆ: ಕಡತಗಳು ನಡೆದು ಬಂದ ದಾರಿ



1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಗಡಿಯ ಈಚೆ ಉಳಿದ ನಾವು ಇಂದು ಕೊಯಮತ್ತೂರು, ಈರೋಡು, ತಿರುಪ್ಪೂರು ಎಂಬ ಮೂರು ಜಿಲ್ಲೆಗಳವರು. ಇಲ್ಲಿನ ದೇವಾಂಗ ನೇಕಾರರ ಅನೇಕ ಮನೆಗಳಲ್ಲಿ ಮಾತು ಕನ್ನಡ, ಬರಹ ತಮಿಳು. ಹೀಗಾಗಿ ಅಜ್ಜಿಯರ ಹಾಡು, ಗಾದೆ, ಒಗಟುಗಳು ಕಾಗದಕ್ಕೆ ಇಳಿಯುವುದು ಅಪರೂಪ. ಮಕ್ಕಳು ಮೊಬೈಲಿನಲ್ಲಿ ಧ್ವನಿಮುದ್ರಿಸಿದರೆ ಆ ಕಡತವೇ ಏಕೈಕ ಪ್ರತಿ. ಮೊಬೈಲು ಕೆಟ್ಟರೆ ಅದೂ ಹೋಯಿತು! ಅದನ್ನು ಗಣಕಕ್ಕೆ ಸಾಗಿಸಲು ಯಾವ ತಂತ್ರಾಂಶ ಒಳ್ಳೆಯದು? ಉತ್ತರಕ್ಕಾಗಿ ಸ್ವಲ್ಪ ಇತಿಹಾಸ ನೋಡೋಣ.

1996ರಲ್ಲಿ ಆರ್‌ಸಿಂಕ್ ಎಂಬ ತಂತ್ರಾಂಶ ಬಂತು. ಇಡೀ ಕಡತದ ಬದಲು, ಬದಲಾದ ಭಾಗವನ್ನಷ್ಟೇ ಕಳುಹಿಸುವುದು ಅದರ ಜಾಣತನ. ಅದೇ ವರ್ಷ ಬಂದ ಪಾಮ್ ಪೈಲಟ್ ಎಂಬ ಅಂಗೈ ಯಂತ್ರವನ್ನು ತೊಟ್ಟಿಲಲ್ಲಿಟ್ಟು ಗುಂಡಿ ಒತ್ತಿದರೆ ಗಣಕದೊಂದಿಗೆ ಹೊಂದಿಕೆಯಾಗುತ್ತಿತ್ತು.

ಕನ್ನಡಕ್ಕೆ ಮಾತ್ರ ಇನ್ನೊಂದು ತೊಡಕಿತ್ತು. 1998ರಲ್ಲಿ ಬರಹ, ಆಮೇಲೆ ನುಡಿ ಬಂದವು. ಆ ಕಾಲದ ಕಡತ ಬೇರೆ ಯಂತ್ರಕ್ಕೆ ಹೋದರೆ, ಅದೇ ಫಾಂಟ್ ಇಲ್ಲದಿದ್ದಲ್ಲಿ ಅಕ್ಷರಗಳು ಚೆಲ್ಲಾಪಿಲ್ಲಿ! ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಅದು ವಿಂಡೋಸ್ ಎಕ್ಸ್‌ಪಿಯೊಡನೆ 2001ರಲ್ಲಿ ಗಣಕಕ್ಕೂ, ಆಂಡ್ರಾಯ್ಡ್ 4.1ರೊಡನೆ 2012ರಲ್ಲಿ ಮೊಬೈಲಿಗೂ ತಲುಪಿತು.

ಮುಂದೆ ಸಾಧನಗಳ ಸಾಲೇ ಬಂತು. ಡ್ರಾಪ್‌ಬಾಕ್ಸ್ 2008ರಲ್ಲಿ, ಗೂಗಲ್ ಡ್ರೈವ್ 2012ರಲ್ಲಿ. ಎರಡಕ್ಕೂ ಅಂತರ್ಜಾಲ ಬೇಕು, ಉಚಿತ ಜಾಗಕ್ಕೆ ಮಿತಿಯಿದೆ. ನೆಟ್ ಇಲ್ಲದೆಯೂ ಕಡತ ಕಳುಹಿಸುತ್ತಿದ್ದ ಶೇರ್‌ಇಟ್, ಕ್ಸೆಂಡರ್‌ಗಳನ್ನು ಭಾರತ ಸರ್ಕಾರ 2020ರ ಜೂನ್‌ನಲ್ಲಿ ನಿಷೇಧಿಸಿತು. 2013ರಲ್ಲಿ ಹುಟ್ಟಿದ ಸಿಂಕ್‌ಥಿಂಗ್ ಯಾವ ಕಂಪನಿಯ ಉಗ್ರಾಣವೂ ಇಲ್ಲದೆ ಎರಡು ಯಂತ್ರಗಳನ್ನು ನೇರವಾಗಿ ಜೋಡಿಸುತ್ತದೆ. ಅದರ ಅಧಿಕೃತ ಆಂಡ್ರಾಯ್ಡ್ ಆವೃತ್ತಿಯೂ 2024ರ ಡಿಸೆಂಬರಿನಲ್ಲಿ ನಿಂತಿತು. ಆದರೆ ಮೂಲ ಸಂಕೇತ ಮುಕ್ತವಾಗಿದ್ದುದರಿಂದ ಬೇರೆಯವರು ಅದನ್ನು ಮುಂದುವರಿಸಿದರು.

ಈ ಇತಿಹಾಸದ ಪಾಠ ಇಷ್ಟೇ: ತಂತ್ರಾಂಶ ಬರುತ್ತದೆ, ಹೋಗುತ್ತದೆ, ಅದು ಹೋದ ಮೇಲೂ ಕಡತ ನಮ್ಮ ಕೈಯಲ್ಲಿ ಉಳಿಯಬೇಕು. ಆದ್ದರಿಂದ ನೆಟ್ ಇಲ್ಲದೆ ನಡೆಯುವ, ಮುಕ್ತವಾದ, ಕಡತವನ್ನು ಸಾಮಾನ್ಯ ಫೋಲ್ಡರಿನಲ್ಲೇ ಇಡುವ ತಂತ್ರಾಂಶ ಆರಿಸೋಣ. ಅಪರೂಪಕ್ಕೊಮ್ಮೆ ಸಾಗಿಸಲು ಯುಎಸ್‌ಬಿ ತಂತಿ ಅಥವಾ ಲೋಕಲ್‌ಸೆಂಡ್ ಸಾಕು. ದಿನನಿತ್ಯಕ್ಕೆ ಸಿಂಕ್‌ಥಿಂಗ್ ಆಗಬಹುದು.

ಒಂದು ಎಚ್ಚರಿಕೆ. ಹೊಂದಿಕೆ ಎಂದರೆ ಕಾಪಿಟ್ಟಂತೆ ಅಲ್ಲ. ಮೊಬೈಲಿನಲ್ಲಿ ಅಳಿಸಿದರೆ ಗಣಕದಲ್ಲೂ ಅಳಿದೀತು. ಹಳೆಯ ಪ್ರತಿ ಉಳಿಸುವ ಆಯ್ಕೆಯನ್ನು ಚಾಲೂ ಮಾಡಿ, ಮೂರನೆಯ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡಿ. ಬರಹವೆಲ್ಲ ಯುನಿಕೋಡಿನಲ್ಲಿರಲಿ. ಕಡತದ ಹೆಸರಿನಲ್ಲಿ ಊರು, ವರ್ಷ, ವಿಷಯ ಇರಲಿ.

ಹಾಡುವ ಅಜ್ಜಿಯರು ಇರುವಾಗಲೇ ಈ ಕೆಲಸ ಮುಗಿಸೋಣ. ಮುಂದಿನ ತರಗತಿಯ ಮಕ್ಕಳಿಗೆ ಅದೇ ಪಾಠವಾದೀತು.