ಓಮ್ ತಿದ್ದಿಕೊಂಡ ಲೆಕ್ಕ

ವೋಲ್ಟೇಜನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ರೋಧ, ಅದರಿಂದಲೇ ಗುಣಿಸಿದರೆ ಸಾಮರ್ಥ್ಯ. ಸ್ನಾನದ ನೀರು ಕಾಯಿಸುವ ಹೀಟರ್ ಕಾಯಿಲ್ 230 ವೋಲ್ಟಿನಲ್ಲಿ 5 ಆಂಪಿಯರ್ ಎಳೆದರೆ ಅದರ ರೋಧ 46 ಓಮ್, ಸಾಮರ್ಥ್ಯ 1150 ವ್ಯಾಟ್. ಶಾಲೆಯಲ್ಲಿ ಒಂದೇ ಪಿರಿಯಡ್ಡಿನಲ್ಲಿ ನಾವು ಕಲಿತು ಮುಗಿಸಿದ ಲೆಕ್ಕವಿದು. ಜಾರ್ಜ್ ಸೈಮನ್ ಓಮ್ ಮೊದಲ ಸಲ ಇದನ್ನು ತಪ್ಪಾಗಿ ಪ್ರಕಟಿಸಿದ್ದನೆಂದು ಯಾವ ಮೇಷ್ಟರೂ ನಮಗೆ ಹೇಳಿರಲಿಲ್ಲ.

ಜರ್ಮನಿಯ ಎರ್ಲಾಂಗೆನ್ ಪಟ್ಟಣದ ಬೀಗ ಮಾಡುವವನ ಮಗನಾದ ಓಮ್ ಕಲೋನ್ ನಗರದ ಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದನು. 1825ರಲ್ಲಿ ಅವನು ನೆಚ್ಚಿದ ಬ್ಯಾಟರಿಯ ಬಲ ಅಳೆಯುತ್ತಿದ್ದಂತೆಯೇ ಕುಂದುತ್ತಿತ್ತು. ತಕ್ಕಡಿಯೇ ಅಲುಗಾಡುವಾಗ ತೂಕ ನಿಲ್ಲುವುದೆಲ್ಲಿ? ಹೊರಬಿದ್ದ ಸೂತ್ರವೂ ತಪ್ಪಾಯಿತು. ಆಗ ಪೊಗೆಂಡಾರ್ಫ್ ಎಂಬ ವಿಜ್ಞಾನಿ ಸೂಚಿಸಿದಂತೆ ಅವನು ಬ್ಯಾಟರಿಯನ್ನು ಬಿಟ್ಟು, ಬಿಸ್ಮತ್ ಮತ್ತು ತಾಮ್ರಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಕರಗುವ ಮಂಜುಗಡ್ಡೆಯಲ್ಲೂ ಇರಿಸಿದನು. ಎರಡರ ಉಷ್ಣತೆಯೂ ಕದಲದು. ಆದಕಾರಣ ವೋಲ್ಟೇಜೂ ಕದಲದು. ಬೇರೆ ಬೇರೆ ಉದ್ದದ ಎಂಟು ತಂತಿಗಳನ್ನು ಒಂದಾದ ಮೇಲೊಂದು ಜೋಡಿಸಿ, ತೂಗುಬಿಟ್ಟ ಕಾಂತಸೂಜಿಯಿಂದ ಪ್ರವಾಹವನ್ನು ಅಳೆದನು. ತಂತಿ ಉದ್ದವಾದಂತೆ ಪ್ರವಾಹ ಯಾವ ಕ್ರಮದಲ್ಲಿ ಇಳಿಯುತ್ತದೆಂಬುದು ಈಗ ಸ್ಪಷ್ಟವಾಯಿತು. ಒಂದೇ ವರ್ಷದೊಳಗೆ ತನ್ನ ತಪ್ಪನ್ನು ತಾನೇ ತಿದ್ದಿಕೊಂಡ ಈ ಪ್ರಾಮಾಣಿಕತೆ ನಮಗೆ ಸೂತ್ರಕ್ಕಿಂತ ದೊಡ್ಡದಾಗಿ ಕಾಣುತ್ತದೆ.

1827ರಲ್ಲಿ ಅವನ ಗ್ರಂಥ ಬಂತು. ತವರಿನ ಪಂಡಿತರು ಆದರಿಸಲಿಲ್ಲ. ನೊಂದ ಓಮ್ ಕಲೋನಿನ ಕೆಲಸವನ್ನೇ ಬಿಟ್ಟನು. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕವಿತ್ತದ್ದು 1841ರಲ್ಲಿ. ತಂತಿ ಕಾಯುವುದು ಪ್ರವಾಹದ ವರ್ಗಕ್ಕೂ ರೋಧಕ್ಕೂ ಅನುಗುಣವಾಗಿ ಎಂಬ ಜೂಲನ ಲೇಖನ, ಅಂದರೆ ನಮ್ಮ ಲೆಕ್ಕದ ಉಳಿದರ್ಧ, ಬೆಳಕು ಕಂಡದ್ದೂ ಅದೇ ವರ್ಷ. ಮ್ಯೂನಿಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪೀಠ ಓಮ್‌ಗೆ ದೊರೆತದ್ದು 1852ರಲ್ಲಿ, ಮರಣಕ್ಕೆ ಎರಡೇ ವರ್ಷ ಮೊದಲು.