ಒಂದು ನಿಮಿಷದ ಸ್ಯಾಕ್ಸೊಫೋನ್

ಇವತ್ತಿನ ಸಂಚಿಕೆಯ ಹೀರೋಗೆ ಸಿನಿಮಾದ ಕಥೆಯಲ್ಲಿ ಒಂದು ಹೆಸರೂ ಇಲ್ಲ. ಪರದೆ ಮೇಲೆ ಇರೋದು ಹೆಚ್ಚುಕಡಿಮೆ ಒಂದು ನಿಮಿಷ. ಆದ್ರೂ ಆ ಸಿನಿಮಾ ನೋಡಿದವರು ಇವರನ್ನ ಮರೆಯಲ್ಲ.

1987ರ ಜುಲೈ 31ರಂದು ಅಮೆರಿಕದಲ್ಲಿ ‘ದಿ ಲಾಸ್ಟ್ ಬಾಯ್ಸ್’ ಬಿಡುಗಡೆ ಆಯ್ತು. ನಿರ್ದೇಶಕ ಜೋಯಲ್ ಶೂಮಾಕರ್. ಹಳೇ ಕೋಟೆಯಲ್ಲಿದ್ದ ವ್ಯಾಂಪೈರ್‌ಗಳನ್ನ ಕ್ಯಾಲಿಫೋರ್ನಿಯಾದ ಬೀಚಿಗೆ ಕರ್ಕೊಂಡು ಬಂದು, ಬೈಕ್ ಹತ್ತಿಸಿದ ಸಿನಿಮಾ ಇದು. ಕಥೆಯಲ್ಲಿ ಊರಿನ ಹೆಸರು ಸಾಂಟಾ ಕಾರ್ಲಾ, ಶೂಟಿಂಗ್ ನಡೆದದ್ದು ಸಾಂಟಾ ಕ್ರೂಜ್‌ನಲ್ಲಿ.

ಊರಿಗೆ ಹೊಸದಾಗಿ ಬಂದ ಅಣ್ಣ ತಮ್ಮ, ಮೈಕಲ್ ಮತ್ತು ಸ್ಯಾಮ್, ರಾತ್ರಿ ಬೀಚಿನಲ್ಲಿ ಒಂದು ಸಂಗೀತ ಕಾರ್ಯಕ್ರಮಕ್ಕೆ ಹೋಗ್ತಾರೆ. ಬೆಂಕಿ ಉರೀತಿದೆ, ಜನ ಕುಣೀತಿದ್ದಾರೆ. ವೇದಿಕೆ ಮೇಲೆ ಒಬ್ಬ ಗಟ್ಟಿ ಆಸಾಮಿ. ಅಂಗಿ ಇಲ್ಲ, ಎಣ್ಣೆ ಹಚ್ಚಿ ಮಿಂಚೋ ಮೈ, ಕತ್ತಲ್ಲಿ ಸರಪಳಿ, ಕೈಯಲ್ಲಿ ಸ್ಯಾಕ್ಸೊಫೋನ್. ಹಾಡ್ತಾರೆ, ಊದ್ತಾರೆ, ಸೊಂಟ ತಿರುಗಿಸ್ತಾರೆ. ಇವರೇ ಟಿಮ್ ಕಪೆಲ್ಲೊ.

ಇದು ಬರೀ ಮಸಾಲೆ ದೃಶ್ಯ ಅಲ್ಲ. ಆ ಗುಂಪಿನಲ್ಲೇ ಮೈಕಲ್ ಕಣ್ಣಿಗೆ ಸ್ಟಾರ್ ಅನ್ನೋ ಹುಡುಗಿ ಬೀಳ್ತಾಳೆ. ಅವಳ ಹಿಂದೆ ಹೋದವನು ವ್ಯಾಂಪೈರ್ ಗ್ಯಾಂಗಿನ ಕೈಗೆ ಸಿಕ್ಕಿಬೀಳ್ತಾನೆ. ಅಂದ್ರೆ ಕಥೆ ತಿರುಗೋದು ಇಲ್ಲೇ. ಹಾಡು ಯಾವುದು ಗೊತ್ತಾ? ‘ಐ ಸ್ಟಿಲ್ ಬಿಲೀವ್’. ‘ದಿ ಕಾಲ್’ ಅನ್ನೋ ಬ್ಯಾಂಡ್ 1986ರಲ್ಲಿ ಹೊರತಂದದ್ದು. ನಂಬಿಕೆ ಬಿಡಲ್ಲ ಅನ್ನೋ ಹಾಡು, ರಕ್ತ ಹೀರೋರ ಊರಲ್ಲಿ!

ಕಪೆಲ್ಲೊ ಎಲ್ಲಿಂದಲೋ ಹಿಡಿದು ತಂದ ಜೂನಿಯರ್ ಆರ್ಟಿಸ್ಟ್ ಅಲ್ಲ. ಅಷ್ಟೊತ್ತಿಗಾಗಲೇ ಟೀನಾ ಟರ್ನರ್ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್, ಕೀಬೋರ್ಡ್ ಎರಡೂ ನುಡಿಸ್ತಿದ್ದ ಅನುಭವಿ. ಅದಕ್ಕೂ ಮುಂಚೆ ಪೀಟರ್ ಗೇಬ್ರಿಯಲ್ ಜೊತೆ ನುಡಿಸಿದ್ದವರು. ಟೀನಾ ಅವರ 1985ರ ‘ವಿ ಡೋಂಟ್ ನೀಡ್ ಅನದರ್ ಹೀರೋ’ ಹಾಡಿನ ಸ್ಯಾಕ್ಸೊಫೋನ್ ಇವರದೇ. ಆದ್ರೆ ಹಿನ್ನೆಲೆಯ ಕಲಾವಿದರ ಹಣೆಬರಹ ನಿಮಗೆ ಗೊತ್ತಲ್ಲ, ದನಿ ಎಲ್ಲರಿಗೂ ಗೊತ್ತು, ಹೆಸರು ಯಾರಿಗೂ ಬೇಡ.

ಆಮೇಲೆ ಕಾಲ ಬದಲಾಯ್ತು. 1980ರ ದಶಕದ ಪಾಪ್ ಹಾಡುಗಳಲ್ಲಿ ಸ್ಯಾಕ್ಸೊಫೋನ್ ಸೋಲೋಗೆ ರಾಜಮರ್ಯಾದೆ ಇತ್ತು. 90ರ ದಶಕದಲ್ಲಿ ಗ್ರಂಜ್ ಬಂತು, ಮಾಸಿದ ಅಂಗಿ ಬಂತು. ಎಣ್ಣೆ ಹಚ್ಚಿದ ಮೈ ನೋಡಿದ್ರೆ ಜನಕ್ಕೆ ನಗು. 2010ರಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ನಲ್ಲಿ ನಟ ಜಾನ್ ಹ್ಯಾಮ್ ಇದೇ ವೇಷದಲ್ಲಿ ಬಂದು ಅಣಕ ಮಾಡಿದ್ರು.

ಆದ್ರೆ ಒಂದು ಮಾತು. ಅಣಕ ಮಾಡ್ಬೇಕು ಅಂದ್ರೂ ಮೊದಲು ಅದು ನೆನಪಿರ್ಬೇಕು ಅಲ್ವಾ? ಕಪೆಲ್ಲೊ ಆ ದೃಶ್ಯದಲ್ಲಿ ಕ್ಯಾಮೆರಾ ನೋಡಿ ಕಣ್ಣು ಹೊಡೆಯಲ್ಲ, ‘ಇದೆಲ್ಲ ತಮಾಷೆಗೆ’ ಅನ್ನಲ್ಲ. ಕ್ರೀಡಾಂಗಣ ತುಂಬಿದ ಜನರ ಮುಂದೆ ನುಡಿಸೋವಷ್ಟೇ ಜೋರಾಗಿ ಊದ್ತಾರೆ. ಇವತ್ತು ನಾವು ಒಂದು ರೀಲ್ ಹಾಕೋಕೂ ‘ಸುಮ್ನೆ ಹಾಕ್ದೆ’ ಅಂತ ಮುಂಚೆನೇ ಜಾಮೀನು ತಗೋತೀವಿ. ಆ ಮನುಷ್ಯ ತಗೊಂಡಿಲ್ಲ. ನಗು ಬಂದಿದ್ದು ಅದಕ್ಕೇ, ಪ್ರೀತಿ ಉಳಿದಿದ್ದೂ ಅದಕ್ಕೇ.

ಅಭಿಮಾನಿಗಳು ಕೈಬಿಡಲಿಲ್ಲ. ‘ದಿ ಲಾಸ್ಟ್ ಬಾಯ್ಸ್’ ಮರುಪ್ರದರ್ಶನಗಳಿಗೆ ಕರೆದ್ರು, ಹಾಡಿಸಿದ್ರು. 2018ರಲ್ಲಿ, ಅರವತ್ತು ದಾಟಿದ ಮೇಲೆ, ಕಪೆಲ್ಲೊ ತಮ್ಮ ಮೊದಲ ಸ್ವಂತ ಆಲ್ಬಂ ತಂದ್ರು. ಹೆಸರು ‘ಬ್ಲಡ್ ಆನ್ ದಿ ರೀಡ್’. ರೀಡ್ ಅಂದ್ರೆ ಸ್ಯಾಕ್ಸೊಫೋನಿನ ಬಾಯಲ್ಲಿರೋ, ಉಸಿರಿಗೆ ನಡುಗಿ ನಾದ ಕೊಡೋ ತೆಳ್ಳನೆ ಪಟ್ಟಿ. ಅದರ ಮೇಲೆ ರಕ್ತ!

ಆ ಆಲ್ಬಂನ ಕವರ್ ಮೇಲೆ ಹೆಸರು ಬೇರೆ ಯಾರದ್ದೂ ಅಲ್ಲ, ಟಿಮ್ ಕಪೆಲ್ಲೊ ಅವರದೇ.