ಓಲೆಯ ಪೂರ್ವವೃತ್ತಾಂತ

ಹೊಸೂರಿನ ಕಡೆ ನಡೆದ ಕರಕುಶಲ ವಸ್ತುಗಳ ಪ್ರದರ್ಶನವೊಂದಕ್ಕೆ ನಾವು ಈಚೆಗೆ ಹೋಗಿದ್ದೆವು. ತೆಂಗಿನ ಕರಟ, ಅಡಕೆಯ ಹಾಳೆ, ಸುಟ್ಟ ಮಣ್ಣು, ಕಾಡುಬೀಜ, ತಾಳೆಗರಿ ಇವುಗಳಿಂದ ಮಾಡಿದ ಒಡವೆಗಳನ್ನು ಅಲ್ಲಿ ಅಂದವಾಗಿ ಜೋಡಿಸಿಟ್ಟಿದ್ದರು. ಗರಿಯನ್ನು ಸುರುಳಿ ಸುತ್ತಿ ಕೆಂಪು ಬಣ್ಣ ಹಚ್ಚಿದ ಕಿವಿಯ ಆಭರಣವೊಂದರ ಕೆಳಗೆ ‘ನವೀನ ಕಲ್ಪನೆ’ ಎಂಬ ಚೀಟಿಯಿತ್ತು. ಕೆಲಸವೇನೋ ಅಚ್ಚುಕಟ್ಟಾದುದು, ಮಾಡಿದವಳ ಕೈ ಪಳಗಿದ ಕೈ. ಆದರೆ ಆ ಚೀಟಿಯನ್ನು ಒಪ್ಪಲು ನಮ್ಮ ಮನಸ್ಸು ಹಿಂಜರಿಯಿತು.

ಓಲೆಯೆಂದರೆ ಮೂಲದಲ್ಲಿ ತಾಳೆಯ ಗರಿ. ಅದರ ಮೇಲೆ ಕಂಟದಿಂದ ಬರೆದು ಕಳುಹಿಸಿದರೆ ಅದು ಪತ್ರ. ಅದನ್ನೇ ಸುತ್ತಿ ಕಿವಿಗಿಟ್ಟರೆ ಒಡವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ತೆರೆದು ನೋಡಿದವರಿಗೆ ಇದು ಹೊಸ ಸಂಗತಿಯಲ್ಲ. ತಮಿಳಿನ ‘ಓಲೈ’ ಎಂಬುದಕ್ಕೂ ಈ ಮೂರು ಅರ್ಥಗಳಿವೆ. ಅದು ನಮ್ಮ ಶಬ್ದದ ಸೋದರಿಯೇ ಆದುದರಿಂದ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ತೆಲುಗಿನಲ್ಲಿ. ರಾಯದುರ್ಗ, ಮಡಕಶಿರಾದ ನಮ್ಮ ಬಂಧುಗಳು ದಿನವೂ ಕೇಳುವ ‘ಕಮ್ಮ’ ಎಂಬ ಶಬ್ದ ಬೇರೆಯೇ ಮೂಲದ್ದು. ಆದರೂ ಗರಿ, ಪತ್ರ, ಕಿವಿಯೊಡವೆ ಎಂಬ ಅವೇ ಮೂರು ಅರ್ಥಗಳು ಅದಕ್ಕೂ ಇವೆ. ಕಾಸರಗೋಡಿನಲ್ಲಿ ಮಲಯಾಳ ಮಾತಿನವರು ಕಿವಿಯೊಡವೆಯನ್ನು ‘ಕಮ್ಮಲ್’ ಎನ್ನುತ್ತಾರೆ. ಸಂಸ್ಕೃತದ ಅಮರಕೋಶವೂ ಕರ್ಣಾಭರಣಗಳನ್ನು ಹೇಳುವಲ್ಲಿ ‘ತಾಲಪತ್ರ’ವೆಂಬ ಹೆಸರನ್ನು ಕೊಡುತ್ತದೆ. ಒಂದು ನುಡಿ ಇನ್ನೊಂದರಿಂದ ಸಾಲ ತಂದಿದ್ದರೆ ಶಬ್ದವೇ ಬರುತ್ತಿತ್ತು. ಇಲ್ಲಿ ಶಬ್ದ ಬೇರೆ, ಅರ್ಥ ಒಂದೇ. ಆದುದರಿಂದ ಶಬ್ದಕ್ಕಿಂತ ಮೊದಲು ವಸ್ತುವೇ ಈ ನಾಡುಗಳಲ್ಲೆಲ್ಲ ಬಳಕೆಯಲ್ಲಿತ್ತೆಂದು ನಮ್ಮ ಎಣಿಕೆ.

ಗರಿಯೇ ಏಕೆ? ಸುತ್ತಿದ ಗರಿ ತಾನಾಗಿ ಬಿಚ್ಚಿಕೊಳ್ಳಲು ಹವಣಿಸುತ್ತದೆ. ಚುಚ್ಚಿದ ಕಿವಿಯ ತೂತು ಮುಚ್ಚದಂತೆ, ಮೆಲ್ಲಮೆಲ್ಲನೆ ಅಗಲವಾಗುವಂತೆ ಆ ಒತ್ತಡವೇ ನೋಡಿಕೊಳ್ಳುತ್ತದೆ. ಬಡವರ ಮನೆಯಲ್ಲಿ ಗರಿಯೇ ಕೊನೆಯವರೆಗೂ ಒಡವೆಯಾಗಿ ಉಳಿಯುತ್ತಿತ್ತು. ಉಳ್ಳವರು ಅದೇ ಆಕಾರವನ್ನು ಅಕ್ಕಸಾಲಿಯಿಂದ ಬಂಗಾರದಲ್ಲಿ ಮಾಡಿಸಿಕೊಂಡರು, ಹೆಸರನ್ನು ಮಾತ್ರ ಬದಲಿಸಲಿಲ್ಲ. ಬೆಂಡೋಲೆಯ ಕಥೆಯೂ ಇದೇ. ಹೆಸರಿನಲ್ಲಿ ಹಗುರವಾದ ಬೆಂಡು, ಕಿವಿಯಲ್ಲಿ ಮುತ್ತು ಬಂಗಾರ!

ಬಂಗಾರ ಬಂದ ಮೇಲೂ ಗರಿ ಪೂರ್ತಿ ಹೊರಟುಹೋಗಲಿಲ್ಲ. ಗೌರಿಹಬ್ಬದ ಮೊರದ ಬಾಗಿನದಲ್ಲಿ ಕರಿಮಣಿಯ ಜೊತೆಗೆ ಬಿಚ್ಚೋಲೆಯನ್ನು ಇಡುತ್ತಾರಷ್ಟೆ. ಅದು ಬಣ್ಣ ಹಚ್ಚಿದ ಗರಿಯ ಸಣ್ಣ ಸುರುಳಿ. ತಮಿಳರು ಇದನ್ನೇ ‘ಕಾದೋಲೈ ಕರುಗಮಣಿ’ ಎಂದು ಕರೆದು ಆಡಿ ಹದಿನೆಂಟರಂದು ಕಾವೇರಿಗೆ ಅರ್ಪಿಸುತ್ತಾರೆ. ಮುತ್ತೈದೆತನಕ್ಕೆ ‘ಓಲೆಭಾಗ್ಯ’ವೆಂಬ ಹೆಸರು ಬಂದುದೂ ಇದರಿಂದಲೇ. ಆ ಭಾಗ್ಯವನ್ನು ಕಳೆದುಕೊಂಡವರ ಕಿವಿ ಬರಿದಾಗುತ್ತಿತ್ತೆಂಬುದನ್ನೂ ಇದೇ ಶಬ್ದ ನೆನಪಿಗೆ ತರುತ್ತದೆ. ಅದನ್ನು ಮರೆತು ಬರಿಯ ಚೆಲುವನ್ನು ಹೊಗಳುವುದು ಸರಿಯಲ್ಲ.

ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಬಳಕೆಯಲ್ಲಿರುವ ಬೋರಮಾಳದ ರೀತಿ ಸ್ವಲ್ಪ ಬೇರೆ. ಅಲ್ಲಿ ಉಳಿದಿರುವುದು ಬೋರೆಹಣ್ಣಿನ ಆಕಾರ. ಒಳಗೆ ಅರಗು, ಮೇಲೆ ಬಂಗಾರದ ತೆಳುತಗಡು. ಕೊಲ್ಹಾಪುರದ ಸಾಜದಲ್ಲಿಯಂತೂ ಮೀನು, ಆಮೆ, ದುಂಬಿ, ಬಿಲ್ವಪತ್ರೆ, ಹಾಗಲಕಾಯಿ ಎಲ್ಲವೂ ಸಾಲಾಗಿ ತೂಗುತ್ತವೆ. ಅದು ಬೇರೊಂದು ಲೇಖನದ ವಿಷಯ.

ಪ್ರದರ್ಶನದ ಆ ಹುಡುಗಿಯನ್ನು, “ಇದನ್ನು ಎಲ್ಲಿ ಕಲಿತೆ, ತಂಗೀ?” ಎಂದು ಕೇಳಿದೆವು. “ಅಜ್ಜಿ ಬಾಗಿನಕ್ಕೆ ಸುತ್ತುತ್ತಿದ್ದುದನ್ನು ನೋಡಿದ್ದೆ, ಮೇಷ್ಟ್ರೇ. ಹೆಸರು ಗೊತ್ತಿಲ್ಲ,” ಎಂದಳು. ನಾವು ಹೇಳಿದೆವು. ಸಂಜೆ ಮರಳುವಾಗ ನೋಡಿದರೆ ಹಳೆಯ ಚೀಟಿ ಇರಲಿಲ್ಲ. ಹೊಸದರಲ್ಲಿ ಕನ್ನಡದಲ್ಲಿ ‘ಬಿಚ್ಚೋಲೆ’ ಎಂದೂ, ಅದರ ಕೆಳಗೆ ತಮಿಳಿನಲ್ಲಿ ‘ಕಾದೋಲೈ’ ಎಂದೂ ಬರೆದಿದ್ದಳು.